ಬೀಳಗಿಯ ಅಮೀರ್‌ಬಾಯಿ

ಸಿನಿಮಾ ಹಾಡು ಯಾರಿಗೆ ಬೇಡ? ಪಾತ್ರೆ ತೊಳೆಯುವಾಗ ಹಾಡು ಬಾಯಿಗೆ ಬರುತ್ತೆ. ಅಗರಬತ್ತಿ ಹೊಸೆಯುವಾಗ ಬರುತ್ತೆ. ಮಗುವನ್ನು ಮಲಗಿಸುವಾಗಲೂ ಬರುತ್ತೆ. ನಮ್ಮ ಸುದ್ದಗುಂಟೆಪಾಳ್ಯದ ಬೀದಿಗಳಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಎಲ್ಲ ಹಾಡುಗಳೂ ಕೇಳಿಸುತ್ತವೆ.

ಈಗ ಒಂದು ಪ್ರಶ್ನೆ. ನಿಮಗೆ ಇಷ್ಟವಾದ ಒಂದು ಹಾಡು ನೆನಪು ಮಾಡಿಕೊಳ್ಳಿ. ಪರದೆ ಮೇಲೆ ಅದಕ್ಕೆ ತುಟಿ ಆಡಿಸಿದ ನಟಿ ಯಾರು? ಕೂಡಲೇ ಹೇಳಿಬಿಡ್ತೀರಿ. ಆ ಹಾಡನ್ನು ನಿಜವಾಗಿ ಹಾಡಿದವರು ಯಾರು? ಬಹಳ ಮಂದಿ ಸುಮ್ಮನಾಗುತ್ತೇವೆ.

ಮುಖ ಒಬ್ಬರದು, ದನಿ ಇನ್ನೊಬ್ಬರದು. ಮೊದಲಿನಿಂದಲೂ ಹೀಗೇ ಇತ್ತೇ? ಇಲ್ಲ. ಇದು ಬದಲಾದ ಕಾಲದಲ್ಲಿ ನಮ್ಮ ನಾಡಿನ ಒಬ್ಬ ಹೆಣ್ಣುಮಗಳು ನಟಿಯೂ ಆಗಿದ್ದರು, ಗಾಯಕಿಯೂ ಆಗಿದ್ದರು. ಅವರ ಹೆಸರು ಅಮೀರ್‌ಬಾಯಿ ಕರ್ನಾಟಕಿ. ಅವರ ಬಾಳಿನ ಕತೆ ಓದೋಣ ಬನ್ನಿ.

ಆಗ ಸಿನಿಮಾ ಹೇಗಿತ್ತು?

1913ರಲ್ಲಿ ದಾದಾಸಾಹೇಬ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' ಎಂಬ ಮೂಕಿ ಚಿತ್ರ ತೆಗೆದರು. ಮೂಕಿ ಅಂದ್ರೆ ಮಾತಿಲ್ಲದ ಚಿತ್ರ. ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಬರಲಿಲ್ಲ. ಕೊನೆಗೆ ಸಾಳುಂಕೆ ಎಂಬ ಗಂಡಸೇ ಸೀರೆ ಉಟ್ಟು ತಾರಾಮತಿ ಆದ. ಬಣ್ಣ ಹಚ್ಚುವ ಹೆಣ್ಣು ಅಂದ್ರೆ ಜನ ಹಗುರವಾಗಿ ಮಾತಾಡುತ್ತಿದ್ದ ಕಾಲ ಅದು.

1931ರಲ್ಲಿ 'ಆಲಂ ಆರಾ' ಬಂತು. ಭಾರತದ ಮೊದಲ ಮಾತಿನ ಚಿತ್ರ. ಅದನ್ನು ತೆಗೆದ ಜಾಗದ ಪಕ್ಕದಲ್ಲೇ ರೈಲು ಹಳಿ ಇತ್ತು. ಹಗಲು ಹೊತ್ತು ರೈಲಿನ ಸದ್ದು. ಅದಕ್ಕೇ ರಾತ್ರಿ ಹೊತ್ತು ಚಿತ್ರ ತೆಗೆದರು.

1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ಬಂತು. ನಮ್ಮ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಅದು ತೆರೆ ಕಂಡಿತು. ತ್ರಿಪುರಾಂಬ ಎಂಬುವರು ಸುಲೋಚನೆ ಆಗಿದ್ದರು.

ಆಗೆಲ್ಲ ನಟಿಸುವವರೇ ಹಾಡಬೇಕಿತ್ತು. ಕ್ಯಾಮೆರಾ ಮುಂದೆ ನಿಂತು ಅಳುತ್ತಾ, ನಗುತ್ತಾ ಹಾಡಬೇಕು. ವಾದ್ಯ ನುಡಿಸುವವರು ಕಾಣದ ಹಾಗೆ ಮರೆಯಲ್ಲಿ ಕೂತು ನುಡಿಸೋರು. ತಪ್ಪಾದರೆ ಮತ್ತೆ ಮೊದಲಿಂದ. ಹಾಡಲು ಬಾರದವರಿಗೆ ದೊಡ್ಡ ಪಾತ್ರ ಸಿಗುವುದು ಕಷ್ಟವಿತ್ತು.

ಬೀಳಗಿಯ ಅಕ್ಕತಂಗಿಯರು

ಬೀಳಗಿ ಒಂದು ಸಣ್ಣ ಊರು. ಆಗ ಅದು ವಿಜಾಪುರ ಜಿಲ್ಲೆಯಲ್ಲಿತ್ತು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆ ಊರಿನ ಇಬ್ಬರು ಅಕ್ಕತಂಗಿಯರು ದೇಶದಲ್ಲೆಲ್ಲ ಹೆಸರು ಮಾಡಿದರು. ಅಕ್ಕ ಗೋಹರ್‌ಬಾಯಿ, ತಂಗಿ ಅಮೀರ್‌ಬಾಯಿ.

ಗೋಹರ್‌ಬಾಯಿ ಮರಾಠಿ ನಾಟಕಕ್ಕೆ ಹೋದರು. ಅಲ್ಲಿ ಬಾಲಗಂಧರ್ವ ಎಂಬ ದೊಡ್ಡ ನಟರಿದ್ದರು. ಅವರು ಹೆಣ್ಣಿನ ಪಾತ್ರ ಮಾಡುವುದರಲ್ಲಿ ಹೆಸರಾದ ಗಂಡಸು. ಅವರ ಕಂಪನಿಯಲ್ಲೇ ಗೋಹರ್‌ಬಾಯಿ ಹೆಣ್ಣಿನ ಪಾತ್ರಕ್ಕೆ ನಿಂತರು. ಗಂಡಸರು ಮಾಡುತ್ತಿದ್ದ ಹೆಣ್ಣಿನ ಪಾತ್ರ ಹೆಣ್ಣಿನ ಕೈಗೇ ಬಂತು!

ಅಮೀರ್‌ಬಾಯಿ ಮುಂಬಯಿಗೆ ಹೋದರು. 1934ರ 'ವಿಷ್ಣು ಭಕ್ತಿ' ಎಂಬ ಚಿತ್ರದಲ್ಲಿ ಪಾತ್ರ ಸಿಕ್ಕಿತು. ಅದಕ್ಕೆ ಅಕ್ಕನ ಸಹಾಯ ಇತ್ತು. ಹೊಸ ಊರು, ಹೊಸ ಭಾಷೆ. ಹಿಂದಿ, ಉರ್ದು ಮಾತುಗಳ ಉಚ್ಚಾರ ಸರಿಯಾಗಿ ಬರಬೇಕು. ಅಮೀರ್‌ಬಾಯಿ ಕಲಿತರು. ಮುಂದೆ ಗುಜರಾತಿಯಲ್ಲೂ ಹಾಡಿದರು. 1946ರ 'ರಾಣಕದೇವಿ' ಎಂಬ ಗುಜರಾತಿ ಚಿತ್ರದ ಹಾಡು ಆ ಜನರ ಮನೆಮಾತಾಯಿತು.

ಮೊದಲ ವರ್ಷಗಳಲ್ಲಿ ದೊಡ್ಡ ಹೆಸರೇನೂ ಬರಲಿಲ್ಲ. ಸಿಕ್ಕ ಪಾತ್ರ ಮಾಡಿದರು, ಸಿಕ್ಕ ಹಾಡು ಹಾಡಿದರು. 1940ರಲ್ಲಿ 'ನರಸಿ ಭಗತ್' ಚಿತ್ರ ಬಂತು. ಅದರಲ್ಲಿ ಅವರು ನಟಿಸಿದರು. ಗಾಂಧೀಜಿಯವರಿಗೆ ಬಹಳ ಪ್ರಿಯವಾಗಿದ್ದ ನರಸಿಂಹ ಮೆಹತಾ ಭಜನೆಯನ್ನೂ ಹಾಡಿದರು.

ಊರಿನ ಹೆಸರು, ನಾಡಿನ ಹೆಸರು ಇಟ್ಟುಕೊಂಡವರನ್ನು ನಾವು ನೋಡಿದ್ದೇವೆ. ಈ ಅಕ್ಕತಂಗಿಯರು 'ಕರ್ನಾಟಕಿ' ಎಂದೇ ಹೆಸರಾದರು. ಆಗಿನ್ನೂ ನಮ್ಮ ರಾಜ್ಯ ಒಂದಾಗಿರಲಿಲ್ಲ. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೇ 1973ರಲ್ಲಿ. ಅಷ್ಟು ಮೊದಲೇ ಹಾಡಿನ ಜೊತೆ ಆ ಹೆಸರು ದೇಶವೆಲ್ಲ ತಿರುಗಿತ್ತು.

ಮುಖ ಬೇರೆ, ದನಿ ಬೇರೆ

1935ರಲ್ಲಿ ಕಲ್ಕತ್ತಾದಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಮೊದಲು ಹಾಡನ್ನು ಹಾಡಿಸಿ ಹಿಡಿದಿಟ್ಟುಕೊಳ್ಳುವುದು. ಆಮೇಲೆ ಅದನ್ನು ಕೇಳಿಸಿ, ನಟಿಯಿಂದ ತುಟಿ ಆಡಿಸುವುದು. ಇದೇ ಹಿನ್ನೆಲೆ ಗಾಯನ. ಇನ್ನು ಮೇಲೆ ನಟಿಗೆ ಹಾಡು ಬರಲೇಬೇಕು ಅಂತ ಇಲ್ಲ. ಹಾಡುವವರ ಮುಖವೂ ಕಾಣಬೇಕಾಗಿಲ್ಲ.

ಅಮೀರ್‌ಬಾಯಿ ಈ ಬದಲಾವಣೆಗೆ ಹೆದರಲಿಲ್ಲ. 1943ರಲ್ಲಿ 'ಕಿಸ್ಮತ್' ಚಿತ್ರ ಬಂತು. ಸಂಗೀತ ಅನಿಲ್ ಬಿಸ್ವಾಸ್ ಅವರದು. ನಾಯಕಿ ಮುಮ್ತಾಜ್ ಶಾಂತಿ. ಅವರ ತುಟಿಗೆ ದನಿ ಕೊಟ್ಟವರು ಅಮೀರ್‌ಬಾಯಿ. ಕಲ್ಕತ್ತಾದ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು.

ಅದರಲ್ಲಿ ಒಂದು ದೇಶಭಕ್ತಿ ಹಾಡಿತ್ತು. ಬರೆದವರು ಕವಿ ಪ್ರದೀಪ್. ಪರದೇಶದವರು ದೂರ ಹೋಗಿ ಎನ್ನುವ ಅರ್ಥದ ಹಾಡು. ಆಗ ಬ್ರಿಟಿಷರ ಆಳ್ವಿಕೆ, ಮಹಾಯುದ್ಧದ ಕಾಲ. ಹಾಡಿನಲ್ಲಿ ಜರ್ಮನಿ, ಜಪಾನ್ ದೇಶಗಳ ಹೆಸರು ಸೇರಿಸಿದ್ದರು. ಆ ದೇಶಗಳು ಬ್ರಿಟಿಷರ ಶತ್ರುಗಳು. ಹಾಗಾಗಿ ಸರ್ಕಾರದವರು ಹಾಡನ್ನು ಬಿಟ್ಟರು. ಆದರೆ ದೂರ ಹೋಗಬೇಕಾದವರು ಯಾರು ಅಂತ ಜನರಿಗೆ ಗೊತ್ತಿತ್ತು! ಆ ಹಾಡಿನಲ್ಲಿ ಕೇಳಿಸುವ ಹೆಣ್ಣುದನಿ ನಮ್ಮ ಬೀಳಗಿಯದು.

1944ರ 'ರತನ್', 1947ರ 'ಶೆಹನಾಯಿ' ಚಿತ್ರಗಳ ಹಾಡುಗಳೂ ಹೆಸರಾದವು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ಕೂಡಿಸಿದರು. ಸಂಗೀತ ಕೂಡಿಸುವ ಕೆಲಸ ಆಗ ಹೆಚ್ಚಾಗಿ ಗಂಡಸರದೇ ಆಗಿತ್ತು.

ದುಡಿಮೆ ಮತ್ತು ಮನೆ

ಆಗ 'ಫಿಲ್ಮ್ ಇಂಡಿಯಾ' ಎಂಬ ಸಿನಿಮಾ ಪತ್ರಿಕೆ ಇತ್ತು. ಒಂದು ಹಾಡಿಗೆ ಬೇರೆಯವರಿಗೆ 500 ರೂಪಾಯಿ ಕೊಟ್ಟರೆ, ಅಮೀರ್‌ಬಾಯಿಗೆ 1000 ರೂಪಾಯಿ ಕೊಡಬೇಕಿತ್ತು ಎಂದು ಅದು ಬರೆದಿತ್ತಂತೆ. ತನ್ನ ಕೆಲಸದ ಬೆಲೆ ಅವರಿಗೆ ಗೊತ್ತಿತ್ತು. ಬಾಯಿ ಬಿಟ್ಟು ಕೇಳುವ ಧೈರ್ಯವೂ ಇತ್ತು.

ಆದರೆ ಹೊರಗೆ ಹೆಸರು, ಹಣ ಇದ್ದರೆ ಮನೆಯಲ್ಲಿ ಸುಖ ಇರುತ್ತೆ ಅಂತಲ್ಲ. ಅವರ ಮೊದಲ ಗಂಡ ಒಬ್ಬ ಚಿತ್ರನಟ. ಆ ಮನೆಯಲ್ಲಿ ಅವರು ಹಿಂಸೆ ಪಟ್ಟರು. ಹಾಡಿ ದುಡಿಯುವ ಹೆಣ್ಣಿಗೂ ಏಟು ತಪ್ಪಲಿಲ್ಲ. ಅವರು ಆ ಮದುವೆಯಿಂದ ಬಿಡುಗಡೆ ಪಡೆದರು. ಮುಂದೆ ಒಬ್ಬ ಪತ್ರಿಕಾ ಸಂಪಾದಕರನ್ನು ಮದುವೆಯಾದರು.

ಅಕ್ಕತಂಗಿಯರೇ, ಹಿಂಸೆಯನ್ನು ಹಣೆಬರಹ ಅಂದುಕೊಂಡು ಕೂರಬೇಕಾಗಿಲ್ಲ. ಇಂದು ಅದನ್ನು ತಡೆಯಲು 2005ರ ಕಾನೂನು ಇದೆ. ಮಹಿಳೆಯರ ಸಹಾಯವಾಣಿ 181 ಇದೆ. ಈ ಮೂರು ಅಂಕಿ ಬಾಯಿಪಾಠ ಮಾಡಿಕೊಳ್ಳಿ.

ಹೊಸ ದನಿ ಬಂತು

1947ರ ನಂತರ ಲತಾ ಮಂಗೇಶ್ಕರ್ ಅವರ ದನಿ ಮೇಲೆ ಬಂತು. ತೆಳುವಾದ, ಎತ್ತರದ ದನಿ. ಜನರಿಗೆ ಅದು ಬಹಳ ಹಿಡಿಸಿತು. ಹಳೆಯ ಗಾಯಕಿಯರಿಗೆ ಕೆಲಸ ಕಡಿಮೆಯಾಗುತ್ತಾ ಬಂತು. 1950ರ 'ಸಮಾಧಿ' ಚಿತ್ರದಲ್ಲಿ ಒಂದು ಹಾಡಿದೆ. ಅದನ್ನು ಲತಾ ಮತ್ತು ಅಮೀರ್‌ಬಾಯಿ ಇಬ್ಬರೂ ಸೇರಿ ಹಾಡಿದ್ದಾರೆ. ಸಿಕ್ಕಿದರೆ ಕೇಳಿ. ಹೋಗುವ ಕಾಲ, ಬರುವ ಕಾಲ ಎರಡೂ ಒಂದೇ ಹಾಡಿನಲ್ಲಿವೆ.

ಅಮೀರ್‌ಬಾಯಿ ಮೂಲೆ ಸೇರಲಿಲ್ಲ. ಮತ್ತೆ ನಟನೆಗೆ ಬಂದರು. ನಾಯಕಿಯ ಪಾತ್ರಗಳಲ್ಲ, ಚಿಕ್ಕ ಪೋಷಕ ಪಾತ್ರಗಳು. ಕೆಲಸ ಯಾವುದಾದರೇನು? ದುಡಿದು ಉಂಡರು. 1965ರ ಮಾರ್ಚ್ 3ರಂದು ತೀರಿಕೊಂಡರು. ಅವರ ಮಣ್ಣು ಆದದ್ದು ವಿಜಾಪುರದಲ್ಲಿ. ಆ ಊರಿನಲ್ಲಿ ಅವರ ಹೆಸರಿನ ಟಾಕೀಸೂ ಎದ್ದಿತ್ತು, ಅಮೀರ್ ಟಾಕೀಸ್.

ಹೆಸರಿನ ಮಾತು

ಆ ಕಾಲದ ಕೆಲವು ಗ್ರಾಮಫೋನ್ ತಟ್ಟೆಗಳ ಮೇಲೆ ಹಾಡಿದವರ ಹೆಸರೇ ಇರುತ್ತಿರಲಿಲ್ಲ. ಸಿನಿಮಾದ ಪಾತ್ರದ ಹೆಸರು ಹಾಕುತ್ತಿದ್ದರು. 1949ರ 'ಮಹಲ್' ಚಿತ್ರದ ಹಾಡನ್ನು ಹಾಡಿದವರು ಲತಾ. ತಟ್ಟೆಯ ಮೇಲೆ ಇದ್ದದ್ದು 'ಕಾಮಿನಿ' ಎಂದು, ಪಾತ್ರದ ಹೆಸರು. ಕೇಳಿದ ಜನ ರೇಡಿಯೋದವರಿಗೆ ಕಾಗದ ಬರೆದರು. ಇದನ್ನು ಹಾಡಿದವರು ಯಾರು, ಹೆಸರು ಹೇಳಿ ಎಂದು ಕೇಳಿದರು. ಆಮೇಲೆ ಹೆಸರು ಹೊರಗೆ ಬಂತು. ನೋಡಿ, ಒಂದೊಂದೇ ಕಾಗದ ಸೇರಿ ಎಂಥ ಕೆಲಸ ಮಾಡಿತು!

2012ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಹಾಡಿದವರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಅದರಲ್ಲಿ ಸಿಕ್ಕಿತು.

ಇದು ಹಾಡಿನ ಮಾತು ಮಾತ್ರವೇ? ನಾವೇ ಯೋಚಿಸೋಣ. ಚೀಟಿ ಹಣ ಕಟ್ಟುವವಳು ಹೆಂಡತಿ. ಪುಸ್ತಕದಲ್ಲಿ ಹೆಸರು ಯಾರದು? ಹೊಲಿಗೆ ಹಾಕುವವಳು ಒಬ್ಬಳು. ಲೆಕ್ಕದಲ್ಲಿ ಅವಳ ಹೆಸರಿನ ಮುಂದೆ ಎಷ್ಟು ಬರೆದಿದ್ದಾರೆ? ಮೊದಲು ಓದಲು ಬರುತ್ತಿರಲಿಲ್ಲ. ಯಾರೋ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಓದಬಲ್ಲೆವು. ದುಡಿದ ಕಡೆಯಲ್ಲೆಲ್ಲ ನಮ್ಮ ಹೆಸರು ಇದೆಯೇ ಎಂದು ನೋಡಬಲ್ಲೆವು. ಇಲ್ಲದಿದ್ದರೆ ಕೇಳಬಲ್ಲೆವು.

ಇನ್ನು ಮುಂದೆ ಸಿನಿಮಾ ಶುರುವಾದಾಗ ಹೆಸರುಗಳನ್ನು ಓದಿ. ಹಿನ್ನೆಲೆ ಗಾಯನ ಎಂಬ ಮಾತು ಬಂದಾಗ ಅದರ ಕೆಳಗೆ ಯಾರಿದ್ದಾರೆ ನೋಡಿ. ಪಕ್ಕದಲ್ಲಿ ಕೂತವರಿಗೂ ಓದಿ ಹೇಳಿ.

ಹೊಸ ಪದಗಳು

ಹಿನ್ನೆಲೆ ಗಾಯನ: ನಟಿಯ ಬದಲು ಬೇರೆಯವರು ಮರೆಯಲ್ಲಿ ಹಾಡುವುದು
ಪೋಷಕ ಪಾತ್ರ: ಅಕ್ಕ, ಅತ್ತೆ, ತಾಯಿ ಮುಂತಾದ ಪಾತ್ರ
ತಿದ್ದುಪಡಿ: ಇದ್ದುದನ್ನು ಬದಲಾಯಿಸಿ ಸರಿಪಡಿಸುವುದು
ಸಹಾಯವಾಣಿ: ಕಷ್ಟದಲ್ಲಿ ಇದ್ದವರು ಕರೆ ಮಾಡುವ ಫೋನ್

ಉತ್ತರ ಹೇಳಿ

1. ಮೊದಲಿನ ಮಾತಿನ ಚಿತ್ರಗಳಲ್ಲಿ ನಟಿಯರೇ ಯಾಕೆ ಹಾಡಬೇಕಿತ್ತು?
2. 'ಕಿಸ್ಮತ್' ಚಿತ್ರದಲ್ಲಿ ಮುಖ ಯಾರದು? ದನಿ ಯಾರದು?
3. ಒಂದು ಹಾಡಿಗೆ 1000 ರೂಪಾಯಿ ಆದರೆ ಆರು ಹಾಡಿಗೆ ಎಷ್ಟು? 500 ಆದರೆ ಎಷ್ಟು?

ಗುಂಪಿನಲ್ಲಿ ಮಾತಾಡಿ

ಕೆಲಸ ನಾವು ಮಾಡಿ, ಹೆಸರು ಬೇರೆಯವರಿಗೆ ಹೋಗುವುದು ಎಲ್ಲೆಲ್ಲಿ? ಅದನ್ನು ಬದಲಿಸಲು ಏನು ಮಾಡಬಹುದು?

ಬರೆಯಿರಿ

ನಿಮ್ಮ ಪೂರ್ತಿ ಹೆಸರು ಬರೆಯಿರಿ. ಅದರ ಕೆಳಗೆ ನಿಮಗೆ ಬರುವ ಮೂರು ಕೆಲಸಗಳನ್ನು ಬರೆಯಿರಿ.