ಮಾಡು ರಿಪೇರಿಗೆ ಮೇಸ್ತ್ರಿ ಗೊತ್ತು ಮಾಡುವಾಗ



ನಮ್ಮ ಸಂಘಗಳಲ್ಲಿ ಮನೆ ರಿಪೇರಿಗೆಂದು ಸಾಲ ಕೇಳುವವರು ಬಹಳ. ನೆಮ್ಮಾರ್, ಕೆರೆಕಟ್ಟೆ ಕಡೆಯ ಮಳೆಗೆ ಹೆಂಚಿನ ಮಾಡು ವರ್ಷಾ ವರ್ಷ ಏನಾದರೊಂದು ಕೆಲಸ ಕೇಳುತ್ತದೆ. ಸಾಲದ ಕಂತು, ಬಡ್ಡಿಯ ಜೊತೆ ಮೇಸ್ತ್ರಿ ಯಾರು ಎಂಬುದನ್ನೂ ಸಭೆಯಲ್ಲೇ ಮಾತಾಡೋಣ. ಅಡ್ವಾನ್ಸ್ ತಗೊಂಡ ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದರೆ ಮಾಡು ಸೋರುತ್ತಲೇ ಇರುತ್ತದೆ, ಕಂತು ಮಾತ್ರ ತಪ್ಪದೆ ಕಟ್ಟಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಮೇಸ್ತ್ರಿ ಬೇಕು. ಆಗ ಸಿಕ್ಕಿದವರನ್ನು ಹಿಡಿದು, ಹೇಳಿದ ರೇಟು ಕೊಡಬೇಕಾಗುತ್ತದೆ. ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೇ ಹುಡುಕಲು ಶುರು ಮಾಡಿದರೆ ಒಳ್ಳೆಯದು.

ಅವರು ಮಾಡಿದ ಎರಡು ಮೂರು ಮನೆ ನೋಡಿ ಬನ್ನಿ. ನಿನ್ನೆ ಮೊನ್ನೆ ಮುಗಿದ ಮನೆಯಲ್ಲ, ಒಂದು ಮಳೆಗಾಲ ಕಳೆದ ಮನೆ. ಗೋಡೆಯ ಮೇಲ್ಗಡೆ ನೀರಿಳಿದ ಕಲೆ ಇದೆಯಾ, ಎರಡು ಮಾಡು ಕೂಡುವ ಸಂದು ಹೇಗಿದೆ, ನೋಡಿ. ಆ ಮನೆಯ ಹೆಂಗಸರನ್ನೇ ಕೇಳಿ: ಹೇಳಿದ ದಿನಕ್ಕೆ ಮುಗಿಸಿದರಾ, ಸೋರಿದಾಗ ಕರೆದರೆ ಬಂದರಾ? ಗಂಡಸರು "ಪರವಾಗಿಲ್ಲ" ಅಂದುಬಿಡುತ್ತಾರೆ. ಸೋರುವ ಜಾಗಕ್ಕೆ ಪಾತ್ರೆ ಇಡುವವರು ನಾವಲ್ಲವೇ? ನರಸಿಂಹರಾಜಪುರದ ಕಡೆ ಮಳೆ ಶೃಂಗೇರಿಯಷ್ಟಿಲ್ಲ. ಅಲ್ಲಿ ತಡೆದ ಇಳಿಜಾರು ಇಲ್ಲಿ ತಡೆಯಬೇಕೆಂದಿಲ್ಲ. ಆದ್ದರಿಂದ ನಮ್ಮ ಮಳೆ ಕಂಡ ಕೆಲಸವನ್ನೇ ನೋಡಿ. ನೆಂಟರೆಂಬ ಒಂದೇ ಕಾರಣಕ್ಕೆ ಕೆಲಸ ಕೊಡಬೇಡಿ; ಕೆಲಸ ಕೆಟ್ಟರೆ ಕೇಳಲೂ ಆಗುವುದಿಲ್ಲ.

ಹೆಚ್ಚು ಜಗಳ ಆಗುವುದು ಅಳತೆಯಲ್ಲಿ. ಮೇಸ್ತ್ರಿ "ಚದರಕ್ಕೆ ಇಷ್ಟು" ಅನ್ನುತ್ತಾರೆ. ಒಂದು ಚದರ ಅಂದರೆ 100 ಚದರ ಅಡಿ. 20 ಅಡಿ ಅಗಲ, 30 ಅಡಿ ಉದ್ದದ ಮನೆ 600 ಚದರ ಅಡಿ, ಅಂದರೆ 6 ಚದರ ಎಂದು ನಾವು ಲೆಕ್ಕ ಹಾಕಿಕೊಂಡಿರುತ್ತೇವೆ. ಆದರೆ ಸುತ್ತಲೂ ಮೂರು ಅಡಿ ಸೂರು ಬಿಟ್ಟರೆ ಅದು 26ಕ್ಕೆ 36 ಆಯಿತು, 936 ಚದರ ಅಡಿ. ಇಳಿಜಾರಿನ ಉದ್ದ ಸೇರಿದರೆ ಮಾಡು 10 ಚದರ ದಾಟುತ್ತದೆ. ಇದು ಮೋಸ ಅಲ್ಲ, ಮಾಡಿನ ಅಳತೆಯೇ ಹಾಗೆ. ರೇಟು ಮಾತಾಡುವ ಮೊದಲೇ ನೆಲದ ಅಳತೆಯೋ ಮಾಡಿನದೋ ಕೇಳಿ, ಟೇಪು ಹಿಡಿಸಿ, ಬರೆದುಕೊಳ್ಳಿ. ಕೂಲಿ ಮಾತ್ರವೋ, ಸಾಮಾನೂ ಸೇರಿಯೋ? ಹಳೆ ಹೆಂಚು ಇಳಿಸಿ ತೊಳೆಯುವುದು ಯಾರು? ಹುಳ ಹಿಡಿದ ಪಕಾಸು, ರೀಪು ಬದಲಿಸಬೇಕಾದರೆ ಅದರ ಕೂಲಿ ಬೇರೆಯೋ?

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಶುರು ಮಾಡುವ ಮತ್ತು ಮುಗಿಸುವ ದಿನ ಹಾಕಿ, ಇಬ್ಬರೂ ಸಹಿ ಮಾಡಿ, ಪ್ರತಿ ಇಟ್ಟುಕೊಳ್ಳಿ. ಮಾತುಕತೆಗೆ ಸಾಲ ಪಡೆದ ಸದಸ್ಯೆಯೂ ಕೂರಬೇಕು. "ಯಜಮಾನ್ರ ಹತ್ರ ಮಾತಾಡ್ತೀನಿ" ಅಂದರೆ, ಕಂತು ಕಟ್ಟುವವಳು ನಾನು ಅಂತ ಹೇಳಿ.

ಹಣ ಒಂದೇ ಸಲ ಬೇಡ. ಸರ್ಕಾರದ ವಸತಿ ಯೋಜನೆಯಲ್ಲೂ ಬುನಾದಿಯಿಂದ ಹಿಡಿದು ಹಂತ ಹಂತವಾಗಿ ಕೆಲಸ ನೋಡಿಯೇ ಹಣ ಬಿಡುಗಡೆ ಮಾಡುತ್ತಾರೆ. ಮರ, ಹೆಂಚು ನಾವೇ ಕೊಂಡು ಬಿಲ್ಲು ನಮ್ಮ ಹೆಸರಿನಲ್ಲಿ ಪಡೆಯೋಣ. ಕೂಲಿಯನ್ನು ಆದ ಕೆಲಸಕ್ಕೆ ತಕ್ಕಂತೆ ಕೊಟ್ಟು, ಹತ್ತರಲ್ಲಿ ಒಂದು ಪಾಲನ್ನು ಮೊದಲ ಜೋರು ಮಳೆ ಕಳೆಯುವವರೆಗೆ ಉಳಿಸಿಕೊಳ್ಳುತ್ತೇವೆಂದು ಹಾಳೆಯಲ್ಲೇ ಬರೆಸಿ. ಮೇಸ್ತ್ರಿಗೂ ಸಂಜೆ ಆಳುಗಳಿಗೆ ಬಟವಾಡೆ ಮಾಡಬೇಕಿರುತ್ತದೆ; ಕೊಡಬೇಕಾದ್ದನ್ನು ಹೇಳಿದ ದಿನವೇ ಕೊಡಿ.

ಮಾತಿಗೆ ತಪ್ಪಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅಲ್ಲಿ ಮೊದಲು ಕೇಳುವುದು ಬಿಲ್ಲು, ರಸೀದಿ, ಸಹಿ ಮಾಡಿದ ಹಾಳೆ.

ಸಭೆಯಲ್ಲಿ ಚರ್ಚಿಸಲು:
ನಮ್ಮ ಸದಸ್ಯೆಯರ ಮನೆಗಳಲ್ಲಿ ಕಳೆದ ಮಳೆಗಾಲಕ್ಕೆ ಮೊದಲು ಯಾರ್ಯಾರು ಕೆಲಸ ಮಾಡಿದ್ದಾರೆ? ಯಾವ ಮಾಡು ಸೋರಲಿಲ್ಲ?