ಪಿನ್‌ಕೋಡಿನಲ್ಲಿ ಅವಿಭಾಜ್ಯ ಸಂಖ್ಯೆಯ ಹುಡುಕಾಟ

ಮಕ್ಕಳೇ, ಮಂಗಳೂರಿಗೆ ಕಾಗದ ಬರೆದರೆ ವಿಳಾಸದ ಕೊನೆಗೆ ಆರು ಅಂಕಿಗಳ ಪಿನ್‌ಕೋಡ್ ಹಾಕುತ್ತೀರಲ್ಲವೇ? 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಸಂಖ್ಯೆ ಕಾಗದಕ್ಕೆ ದಾರಿ ತೋರಿಸುತ್ತದೆ. ಇಂದು ಅದನ್ನು ಗಣಿತಕ್ಕೆ ಬಳಸೋಣ. ಈ ಸಂಖ್ಯೆಗಳಲ್ಲಿ ಅವಿಭಾಜ್ಯ ಸಂಖ್ಯೆ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ ಸಿಗುತ್ತದೆಯೇ?

ಹಂಪನಕಟ್ಟೆಯ 575001 ನೋಡಿ. ಅಂಕಿಗಳ ಮೊತ್ತ 18. ಆದ್ದರಿಂದ ಅದು 3ರಿಂದ ಭಾಗವಾಗುತ್ತದೆ, 9ರಿಂದಲೂ ಆಗುತ್ತದೆ. ಕಂಕನಾಡಿಯ 575002 ಸಮಸಂಖ್ಯೆ. ಸುರತ್ಕಲ್ ಎನ್‌ಐಟಿಕೆಯ 575025 ಐದರಲ್ಲಿ ಮುಗಿಯುತ್ತದೆ. ಕೊಡಿಯಾಲ್‌ಬೈಲಿನ 575003 ಸ್ವಲ್ಪ ಜಾಣ ಸಂಖ್ಯೆ. ಅದರ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಿ: 5+5+0=10, 7+0+3=10. ಎರಡೂ ಸಮ. ಹಾಗಾದರೆ 11ರಿಂದ ಭಾಗವಾಗಲೇಬೇಕು. 11 × 52273 = 575003.

ಇನ್ನು ಬೈಕಂಪಾಡಿಯ 575011. ಇಲ್ಲಿ ಈ ಯಾವ ಉಪಾಯವೂ ನಡೆಯುವುದಿಲ್ಲ. 7, 13, 17, 19... ಎಲ್ಲದಕ್ಕೂ ಶೇಷ ಉಳಿಯುತ್ತದೆ. ಎಲ್ಲಿಯವರೆಗೆ ಭಾಗಿಸುತ್ತಾ ಹೋಗಬೇಕು? 759 × 759 = 576081; ಇದು ನಮ್ಮ ಸಂಖ್ಯೆಗಿಂತ ದೊಡ್ಡದು. ಹಾಗಾಗಿ ಸಂಖ್ಯೆಯನ್ನು ಎರಡು ಅಪವರ್ತನಗಳಾಗಿ ಒಡೆದರೆ ಒಂದಾದರೂ 759ಕ್ಕಿಂತ ಚಿಕ್ಕದಿರಲೇಬೇಕು. ಅಲ್ಲಿಯವರೆಗಿನ 134 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. 62 ಸಂಖ್ಯೆಗಳು ಸೋಲುತ್ತವೆ. ಅರವತ್ತಮೂರನೆಯದಾದ 307 ಗೆಲ್ಲುತ್ತದೆ! 307 × 1873 = 575011.

ಪಕ್ಕದಲ್ಲೇ ಇರುವ 575009 ಮಾತ್ರ 134ರಲ್ಲಿ ಒಂದಕ್ಕೂ ಬಗ್ಗುವುದಿಲ್ಲ. ಅದು ಅವಿಭಾಜ್ಯ.

ಒಂದು ಸಂಗತಿ ಗಮನಿಸಿದಿರಾ? 307ನ್ನು 1873ರಿಂದ ಗುಣಿಸಲು ನಿಮಗೆ ಒಂದು ನಿಮಿಷ ಸಾಕು. 575011ರಿಂದ ಹಿಂದಕ್ಕೆ ಬರಲು 63 ಭಾಗಾಕಾರ ಬೇಕಾಯಿತು. ನೂರಾರು ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿಟ್ಟರೆ, ಗುಣಲಬ್ಧವನ್ನು ಒಡೆಯಲು ಬಲವಾದ ಕಂಪ್ಯೂಟರುಗಳೂ ಸೋಲುತ್ತವೆ. ಕಂಪ್ಯೂಟರುಗಳ ನಡುವೆ ಗುಟ್ಟಾಗಿ ಸಂದೇಶ ಕಳಿಸುವ ಒಂದು ಮುಖ್ಯ ವಿಧಾನ ಈ ಕಷ್ಟವನ್ನೇ ನಂಬಿದೆ.

ಆದರೆ ಅಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯವೆಂದು ತಿಳಿಯುವುದು ಹೇಗೆ? ಒಂದೊಂದಾಗಿ ಭಾಗಿಸುತ್ತಾ ಕುಳಿತರೆ ಆಯುಷ್ಯವೇ ಮುಗಿದೀತು. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಇದಕ್ಕೊಂದು ವಿಧಾನ ಕಂಡುಹಿಡಿದರು. ಅಪವರ್ತನಗಳನ್ನು ಹುಡುಕದೆಯೇ, ಅಂಕಿಗಳು ಹೆಚ್ಚಿದರೂ ಕೆಲಸ ಮಿತಿಮೀರಿ ಬೆಳೆಯದಂತೆ, ಯಾವುದೇ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಅದು ಖಚಿತವಾಗಿ ಹೇಳುತ್ತದೆ. ಆಗ ಕಯಾಲ್ ಮತ್ತು ಸಕ್ಸೇನಾ ಪದವಿ ಮುಗಿಸಿದ್ದ ತರುಣರಷ್ಟೆ!

ವಿಶೇಷ ರೂಪದ ಸಂಖ್ಯೆಗಳಿಗೆ ಇನ್ನೂ ವೇಗದ ಪರೀಕ್ಷೆಗಳಿವೆ. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, 1 ಕಳೆದರೆ ಬರುವ ಸಂಖ್ಯೆ ಅವಿಭಾಜ್ಯವೆಂದು 2024ರ ಅಕ್ಟೋಬರಿನಲ್ಲಿ ತಿಳಿಯಿತು. ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ಸಾವಿರ ಅಂಕಿಗಳಂತೆ ಬರೆದರೂ 41 ಸಾವಿರ ಪುಟ ಮೀರುತ್ತದೆ.

ನೀವೇ ಮಾಡಿ ನೋಡಿ: 575017 ಮತ್ತು 575023 ಅವಿಭಾಜ್ಯ ಸಂಖ್ಯೆಗಳೇ? 40ರೊಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿದರೆ ಸಾಕು, ಉತ್ತರ ಸಿಗುತ್ತದೆ. ನಿಮ್ಮ ಊರಿನ ಪಿನ್‌ಕೋಡನ್ನೂ ಹೀಗೆಯೇ ಪರೀಕ್ಷಿಸಿ.