ಇಂದಿನ ಧಮ್ಮ ಚಿಂತನೆ: ಮಾರಮ್ಮನನ್ನು ಬಿಟ್ಟ ಮೇಲೆ



ಕಾಲಾಮ ಸುತ್ತದ ಹೆಸರಿನಲ್ಲಿ ಒಂದು ಸಂದೇಶ ವರ್ಷಕ್ಕೆ ನಾಲ್ಕಾರು ಸಲ ನಮ್ಮ ಫೋನಿಗೆ ಬರುತ್ತದೆ. ನಿನ್ನ ಬುದ್ಧಿಗೆ ಒಪ್ಪಿದ್ದನ್ನು ಮಾತ್ರ ನಂಬು ಎಂದು ಬುದ್ಧರು ಹೇಳಿದರಂತೆ. ಅಂಗುತ್ತರ ನಿಕಾಯದಲ್ಲಿರುವ ಸುತ್ತ ಇದಕ್ಕಿಂತ ಬಿಗಿಯಾಗಿದೆ. ಕೋಸಲದ ಕೇಸಪುತ್ತ ಎಂಬ ಊರಿನ ಕಾಲಾಮರು, ಬಂದ ಗುರುಗಳೆಲ್ಲ ತಮ್ಮದೇ ಸರಿ ಅನ್ನುತ್ತಾರೆ, ಯಾರನ್ನು ನಂಬೋಣ ಎಂದು ಕೇಳಿದರು. ಬುದ್ಧರು ಹತ್ತು ಕಾರಣಗಳನ್ನು ಎಣಿಸಿ, ಬರೀ ಇವುಗಳಿಂದ ಯಾವುದನ್ನೂ ಒಪ್ಪಬೇಡಿ ಎಂದರು. ಪರಂಪರೆ, ಗ್ರಂಥದಲ್ಲಿದೆ ಎಂಬುದು ಆ ಪಟ್ಟಿಯಲ್ಲಿವೆ. ಬರಿಯ ತರ್ಕವೂ ಇದೆ. ಕೊನೆಯದು, ಹೇಳಿದವರು ನಮ್ಮ ಗುರು ಎಂಬ ಗೌರವ. ಆಮೇಲೆ ಅವರೇ ಕೇಳುತ್ತಾರೆ: ಲೋಭ, ದ್ವೇಷ, ಮೋಹ ಹುಟ್ಟಿದರೆ ಮನುಷ್ಯನಿಗೆ ಹಿತವೋ ಅಹಿತವೋ? ಉತ್ತರ ಕೊಡುವವರು ಕಾಲಾಮರು.

ಈ ಸುತ್ತ ಓದುವ ಎಷ್ಟೋ ಮೊದಲೇ ನನ್ನ ನಂಬಿಕೆ ಹೋಗಿತ್ತು. ನಮ್ಮೂರ ಮಾರಿಹಬ್ಬದಲ್ಲಿ ತಮಟೆ ನಮ್ಮ ಕೇರಿಯದು. ತಮಟೆ ಬಡಿಯದೆ ಮಾರಮ್ಮ ಹೊರಡುತ್ತಿರಲಿಲ್ಲ. ನಮ್ಮವ್ವ ಮನೆ ಸಾರಿಸಿ, ಉಪವಾಸವಿದ್ದು, ತಂಬಿಟ್ಟಿನ ಆರತಿ ಹೊತ್ತು ಹೋದರೆ, ಊರವರ ಆರತಿಯೆಲ್ಲ ಮುಗಿಯುವ ತನಕ ಗುಡಿಯ ಹೊರಗೆ ನಿಲ್ಲಬೇಕು. ತೀರ್ಥವನ್ನು ಕೈ ತಾಗದಂತೆ ಮೇಲಿಂದ ಬಿಡುತ್ತಿದ್ದರು. ಎಂಟೋ ಒಂಬತ್ತೋ ವಯಸ್ಸಿನಲ್ಲಿ ಕೇಳಿದೆ, "ಅವ್ವ, ಮಾರಮ್ಮ ನಮಗೂ ತಾಯಿ ಅಂತೀಯ, ಒಳಕ್ಕೆ ಯಾಕೆ ಕರೆಯಲ್ಲ?" "ಸುಮ್ನಿರು, ಹಂಗೆಲ್ಲ ಅನ್ಬಾರ್ದು" ಅಂದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು. ದೇವಿ ಇದ್ದಾಳೋ ಇಲ್ಲವೋ ಎಂಬ ಪ್ರಶ್ನೆ ನನಗೆ ಬಂದದ್ದು ಬಹಳ ತಡವಾಗಿ. ಆ ಗೆರೆ ಎಳೆದವರು ಯಾರು ಎಂಬುದು ಮೊದಲು ಬಂತು.

ನಂಬಿಕೆ ಹೋದ ಕೂಡಲೇ ಬಿಡುಗಡೆ ಸಿಕ್ಕಿತು ಎಂದು ವೇದಿಕೆ ಮೇಲೆ ಹೇಳುತ್ತೇವೆ. ನನಗೆ ಮೊದಲು ಖಾಲಿ ಅನಿಸಿತು. ತಮ್ಮನಿಗೆ ಜ್ವರ ಏರಿದ ಒಂದು ರಾತ್ರಿ ಹರಕೆ ಹೊರೋಣವೆಂದರೆ ನನಗೆ ಯಾರೂ ಇರಲಿಲ್ಲ. ಅಂಥ ಖಾಲಿ ಜಾಗಕ್ಕೆ ಯಾರು ಬೇಕಾದರೂ ಬಂದು ಕೂರಬಹುದು.

ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಬಿಡುವುದು ತೀರ್ಮಾನವಾದ ಮೇಲೂ ಹಿಡಿಯಲು ಅವಸರ ಮಾಡಲಿಲ್ಲ, ಹಿಡಿದ ಮೇಲೂ ಪ್ರಶ್ನೆ ನಿಲ್ಲಿಸಲಿಲ್ಲ. ಅವರು ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದ ಪೀಠಿಕೆ ನೋಡಿ. ಬೌದ್ಧರೇ ಹೇಳಿಕೊಂಡು ಬಂದ ಕಥೆಯನ್ನು ಅನುಮಾನಿಸುತ್ತಾರೆ: ಮುದುಕ, ರೋಗಿ, ಹೆಣ ಇವನ್ನು 29 ವರ್ಷದ ತನಕ ಒಬ್ಬ ಮನುಷ್ಯ ನೋಡದೇ ಇರಲು ಸಾಧ್ಯವೇ? ಅವರ ಪುಸ್ತಕದಲ್ಲಿ ಸಿದ್ಧಾರ್ಥ ಮನೆ ಬಿಡುವುದು ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳದಲ್ಲಿ, ಯುದ್ಧ ಬೇಡ ಎಂದು ನಿಂತದ್ದಕ್ಕೆ. ಆರ್ಯಸತ್ಯ, ಕರ್ಮ-ಪುನರ್ಜನ್ಮ, ಭಿಕ್ಖು ಸಂಘದ ಉದ್ದೇಶ, ಇವುಗಳ ಮೇಲೂ ಅಲ್ಲೇ ಪ್ರಶ್ನೆ ಇಟ್ಟಿದ್ದಾರೆ.

ಇದನ್ನು ಈಗ ಹೇಳಲು ಕಾರಣವಿದೆ. ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದರು: "ದೇವರ ಫೋಟೋ ತೆಗೆದು ಬುದ್ಧರದು, ಬಾಬಾಸಾಹೇಬರದು ಇಟ್ವಿ. ಈಗ ಮಗಳು ಪರೀಕ್ಷೆಗೆ ಹೋಗುವಾಗ ಅದರ ಮುಂದೆ ನಿಂತು ಪಾಸು ಮಾಡಪ್ಪಾ ಅಂತಾಳೆ. ಬಯ್ಯಬೇಕಾ?" ಬೇಡ ಅಕ್ಕ. ಬೈದರೆ ನಮ್ಮವ್ವನ "ಸುಮ್ನಿರು" ನಿಮ್ಮ ಮನೆಗೂ ಬಂದಂತೆ. ಜೊತೆಗೆ ಕೂತು ಪಂಚಶೀಲದ ಅರ್ಥ ಬಿಡಿಸಿ ಓದಿ. ಅದರಲ್ಲಿ ಒಂದೂ ಬೇಡಿಕೆಯಿಲ್ಲ, ಐದೂ ನಾವು ನಮಗೇ ಕೊಟ್ಟುಕೊಳ್ಳುವ ಮಾತು. ಹಾಗಾದರೆ ಮೇಣದಬತ್ತಿ ಯಾಕೆ ಹಚ್ಚಬೇಕು ಎಂದು ಅವಳು ಕೇಳಬಹುದು. ಕೇಳಲಿ.

ನನಗೆ ಮಗುವಿಗಿಂತ ದೊಡ್ಡವರದೇ ಚಿಂತೆ. ವಿಹಾರದ ಲೆಕ್ಕ ಕೇಳಿದವರ ಮೇಲೆ ಮುನಿಯುವುದು, ದೀಕ್ಷೆಯಾದ ಮೇಲೂ ಒಳಪಂಗಡ ನೋಡಿ ಹೆಣ್ಣು ಕೊಡುವುದು, ವೇದಿಕೆ ಗಂಡಸರಿಗೆ ಅಡುಗೆ ಹೆಂಗಸರಿಗೆ ಎಂದು ಹಂಚುವುದು. ಆ ಗುಡಿಯ ಮುಂದಿನ ಗೆರೆಯನ್ನು ಹೊತ್ತುಕೊಂಡೇ ಬಂದಿದ್ದೇವೆ ಎಂದು ನನಗನಿಸುತ್ತದೆ.

ಭಾನುವಾರ ಸಂಜೆ ವಂದನೆಯ ನಂತರ ಪೀಠಿಕೆಯ ಆ ನಾಲ್ಕು ಪ್ರಶ್ನೆಗಳನ್ನು ಓದೋಣ. ನಿಮ್ಮ ಮನೆಯಲ್ಲಿ ಯಾರೂ ಕಾರಣ ಕೇಳದೆ ನಡೆದುಕೊಂಡು ಬಂದಿರುವ ಒಂದು ಆಚರಣೆಯನ್ನು ಯೋಚಿಸಿಕೊಂಡು ಬನ್ನಿ. ಮಕ್ಕಳನ್ನೂ ಕರೆತನ್ನಿ.

ಜೈಭೀಮ್.